ತಲಪಾಡಿಯ ಆಚೆ ಈಚೆ: ಕೆಲಸ ಮತ್ತು ನೆಮ್ಮದಿ

ನಿಮ್ಮ ಗಡಿಯಲ್ಲಿ ಯಾವಾಗಲೂ ಭಾಷೆಯ ಜಗಳವಂತೆ, ಹೇಗೆ ಬದುಕುತ್ತೀರಿ ಎಂದು ಕೇಳಿದ್ದೀರಿ. ಕರ್ನಾಟಕದ ಕಡೆಯಿಂದ ತಲಪಾಡಿ ಗಡಿ ದಾಟಿದರೆ ಸಿಗುವ, ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರದಲ್ಲಿ ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿಗೆ ಹೋದರೆ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ. ಇಷ್ಟು ಭಾಷೆ ಇದ್ದರೂ ನಿದ್ದೆ ಕೆಟ್ಟದ್ದಿಲ್ಲ. ಕೆಲಸದ ವಿಷಯಕ್ಕೆ ಮಾತ್ರ ತುಂಬ ಸಲ ಕೆಟ್ಟಿದೆ.

ನಮ್ಮಮ್ಮ ಮೂವತ್ತು ವರ್ಷ ಮನೆಯಲ್ಲೇ ಕೂತು ಬೀಡಿ ಕಟ್ಟಿದವರು. ಎಲೆ ನೆನೆಸಿ, ಗೋಣಿಯಲ್ಲಿ ಸುತ್ತಿಟ್ಟು, ತಗಡಿನ ಅಳತೆ ಇಟ್ಟು ಕತ್ತರಿಸುತ್ತಿದ್ದರು. ಮಡಿಲಲ್ಲಿ ತಡ್ಪೆ (ಮೊರ), ಅದರಲ್ಲಿ ಹೊಗೆಸೊಪ್ಪಿನ ಪುಡಿ. ಚಿಟಿಕೆ ಪುಡಿ ಹಾಕಿ ಸುರುಟಿ, ತುದಿ ಮಡಚಿ, ನೂಲು ಸುತ್ತಿದರೆ ಒಂದು ಬೀಡಿ. 25 ಆದರೆ ಒಂದು ಕಟ್ಟು. ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿಯವರು ನಾಲ್ಕೈದು ಕಟ್ಟು ಬಿಚ್ಚಿ, "ಇದು ಆಗೂದಿಲ್ಲ" ಎಂದು ಬದಿಗೆ ಹಾಕುತ್ತಿದ್ದರು. ಅದಕ್ಕೆ ಕೂಲಿ ಇಲ್ಲ, ಬೀಡಿ ವಾಪಸೂ ಇಲ್ಲ. ಕೊಟ್ಟ ಎಲೆ ಸಾಲದಿದ್ದರೆ ಕೈಯಿಂದ ದುಡ್ಡು ಹಾಕಿ ತರಬೇಕು. ಅಂಥ ದಿನ ರಾತ್ರಿ ಅಪ್ಪ ಅಮ್ಮನಿಗೆ ಮಾತಿಗೆ ಮಾತು ಬೆಳೆಯುತ್ತಿತ್ತು. ನಾವು ಮಕ್ಕಳು ಹೊರಗೆ ಜಗಲಿಯಲ್ಲಿ ಕೂರುತ್ತಿದ್ದೆವು.

ಇದೇ ಬೀಡಿ, ಸ್ವಲ್ಪ ದಕ್ಷಿಣಕ್ಕೆ ಹೋದರೆ ಬೇರೆ ಕಥೆ. ಬೀಡಿ ಕಾರ್ಮಿಕರಿಗೆ ರಜೆ, ಕೆಲಸದ ಹೊತ್ತು ಎಲ್ಲ ಗೊತ್ತು ಮಾಡಿದ ಕಾನೂನು ಬಂದದ್ದು 1966ರಲ್ಲಿ. ಕೇರಳ ಸರ್ಕಾರ ಅದನ್ನು ಜಾರಿ ಮಾಡಲು ಹೊರಟಾಗ, 1968ರಲ್ಲಿ ಮಂಗಳೂರಿನ ದೊಡ್ಡ ಕಂಪನಿಗಳು ಕಣ್ಣೂರು ಕಡೆಯ ಶೆಡ್‌ಗಳಿಗೆ ಬೀಗ ಹಾಕಿದವು. ಸುಮಾರು 12,000 ಜನ ಬೀದಿಗೆ ಬಿದ್ದರು. ಆಗ ನಮ್ಮ ಕಾಸರಗೋಡೂ ಕಣ್ಣೂರು ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆಯಾದದ್ದು 1984ರಲ್ಲಿ. ಅಷ್ಟು ಜನ ಹಸಿದು ಸಿಟ್ಟಿನಲ್ಲಿದ್ದಾಗ ಏನು ಬೇಕಾದರೂ ಆಗಬಹುದಿತ್ತು, ಅಲ್ವಾ? 1969ರಲ್ಲಿ ಸರ್ಕಾರ ಕಾರ್ಮಿಕರಿಗೆ ಪಾಲು ಹಣಕ್ಕೆ ಸಾಲ ಕೊಟ್ಟು ಸಹಕಾರ ಸಂಘ ಕಟ್ಟಿಸಿತು. ಅದೇ ಕೇರಳ ದಿನೇಶ್ ಬೀಡಿ. ಒಳ್ಳೆಯ ಕಾಲದಲ್ಲಿ 40,000ಕ್ಕೂ ಜಾಸ್ತಿ ಜನ ಅಲ್ಲಿ ದುಡಿದರು. ಪ್ರಾವಿಡೆಂಟ್ ಫಂಡ್, ಬೋನಸ್, ಹೆರಿಗೆ ರಜೆ ಎಲ್ಲ ಇತ್ತು.

ನನಗೆ ತುಂಬ ಇಷ್ಟವಾದದ್ದು ಅಲ್ಲಿನ ಒಂದು ಪದ್ಧತಿ. ಶೆಡ್‌ನಲ್ಲಿ ಸಾಲಾಗಿ ಕೂತು ಎಲ್ಲರೂ ಬೀಡಿ ಕಟ್ಟುವಾಗ ಒಬ್ಬರು ಜೋರಾಗಿ ಪೇಪರ್ ಓದುತ್ತಿದ್ದರು. ಓದಿದವರ ಕೂಲಿ ಹೋಗಬಾರದೆಂದು ಅವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ಕೊಡುತ್ತಿದ್ದರು. ಮನೆಯಲ್ಲಿ ಒಬ್ಬರೇ ಬೆನ್ನು ಬಾಗಿಸಿ ಕೂತಿದ್ದ ಅಮ್ಮನಿಗೆ ಇದು ಸಿಗಲೇ ಇಲ್ಲ.

ಹಾಗೆಂದು ಕಣ್ಣೂರಿನಲ್ಲಿ ರಕ್ತ ಹರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಕ್ಷಗಳ ದ್ವೇಷಕ್ಕೆ ಅಲ್ಲಿ ಎಷ್ಟೋ ಮನೆಯ ಗಂಡು ಮಕ್ಕಳು ಹೋದರು. ಆದರೂ ಕಷ್ಟಕ್ಕೆ ಆಗುವ ಒಂದು ಸಂಘ, ತಪ್ಪದೆ ಸಿಗುವ ಕೂಲಿ ಇಲ್ಲದಿದ್ದರೆ ಆ ಊರುಗಳ ಗತಿ ಇನ್ನೂ ಕೆಡುತ್ತಿತ್ತು ಎಂದೇ ನಾನು ನಂಬಿದ್ದೇನೆ. ಈಗ ಬೀಡಿ ಸೇದುವವರು ಕಮ್ಮಿ, ಅದು ಒಳ್ಳೆಯದೇ. ಸಂಘ ತೆಂಗಿನ ಹಾಲು, ಮಸಾಲೆ ಪುಡಿ, ಕೊಡೆ ಮಾಡಲು ಶುರು ಮಾಡಿತು. ಬೀಡಿಯಷ್ಟು ಕೈಗಳಿಗೆ ಅವು ಕೆಲಸ ಕೊಡಲಿಲ್ಲ.

ಭಾಷೆಯ ಜಗಳಕ್ಕೆ ಬರುತ್ತೇನೆ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದಾಗ ಇಲ್ಲಿ ಮಕ್ಕಳೇ ಪ್ರತಿಭಟನೆಗೆ ಕೂತಿದ್ದಾರೆ. ಹಾಗೆ ಮಾಡಿದಾಗ ಮಕ್ಕಳ ಪಾಠದ ಜೊತೆ ಕನ್ನಡ ಕಲಿತವರ ಒಂದು ನೌಕರಿಯೂ ಹೋಗಿರುತ್ತದೆ. ಹೊರಗಿನವರಿಗೆ ಅದು ಬರೀ ಅಭಿಮಾನದ ಗಲಾಟೆಯಂತೆ ಕಾಣುತ್ತದೆ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ತಲಪಾಡಿ ಗಡಿ ಮುಚ್ಚಿತು. ಸಣ್ಣ ರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಅಂಗಡಿ, ಆಸ್ಪತ್ರೆ, ಹೋಟೆಲಿಗೆ ದಿನಾ ಹೋಗುತ್ತಿದ್ದವರು ಮನೆಯಲ್ಲಿ ಕೂತರು. ಹಿಂದೆಂದೂ "ಕರ್ನಾಟಕದವರು", "ಕೇರಳದವರು" ಎಂದು ಬೈಯದವರ ಬಾಯಲ್ಲಿ ಆ ತಿಂಗಳುಗಳಲ್ಲಿ ಅದನ್ನು ಕೇಳಿದೆ. ದಾರಿ ತೆರೆದು ಜನ ಮತ್ತೆ ಕೆಲಸಕ್ಕೆ ಹೋದ ಮೇಲೆ ಆ ಮಾತು ತನ್ನಷ್ಟಕ್ಕೆ ಕಮ್ಮಿಯಾಯಿತು.

ಒಮ್ಮೆ ಬನ್ನಿ. ಬೆಳಿಗ್ಗೆ ಎಂಟಕ್ಕೆ ಮಂಗಳೂರು ಬಸ್ಸು ಹತ್ತಿ. ಟಿಫಿನ್ ಚೀಲ ಹಿಡಿದ ಹುಡುಗಿಯರು ತುಳುವಿನಲ್ಲಿ ಶುರು ಮಾಡಿದ ಮಾತನ್ನು ಮಲಯಾಳದಲ್ಲಿ ಮುಗಿಸುತ್ತಾರೆ. ತಲಪಾಡಿ ದಾಟಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ.