ಕುವೈತಿಂದ ವಾಪಸ್ ಬಂದಿದ್ದೇನೆ, ಮಗನಿಗೆ ನಾನು ಬೇಡ ಅನಿಸ್ತದೆ

ಪ್ರಶ್ನೆ: ನನಗೆ 46 ವರ್ಷ, ಊರು ಕಾಪು ಹತ್ತಿರ. 15 ವರ್ಷ ಕುವೈತಲ್ಲಿದ್ದೆ, ಎರಡು ವರ್ಷಕ್ಕೊಮ್ಮೆ ರಜೆ. ನಾನು ಹೋಗುವಾಗ ಮಗನಿಗೆ ಐದು ತಿಂಗಳು, ಈಗ ಅವ ಹತ್ತನೇ ಕ್ಲಾಸು. ಮಗಳಿಗೆ ಮೂರು ವರ್ಷ. ಊರಿಗೆ ಬಂದು ನಾಲ್ಕು ತಿಂಗಳಾಯ್ತು. ಮಗಳು ನನ್ನನ್ನು ಬಿಟ್ಟಿರುದಿಲ್ಲ, ಮಗ ಮಾತ್ರ ಹೂಂ, ಉಹೂಂ ಅಷ್ಟೇ, ಎಂತ ಬೇಕಾದ್ರೂ ನನ್ನ ಬಾವನಿಗೆ ಫೋನ್ ಮಾಡ್ತಾನೆ. ಬರುವಾಗ ಅವನಿಗೆ ತಂದ ಶೂ ಚಿಕ್ಕದಾಯ್ತು. ಅವನ ಸೈಜ್ 9 ಅಂತ ಬಾವನಿಗೆ ಗೊತ್ತುಂಟು, ನನಗೆ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಎತ್ತಿ ಆಡಿಸದವ ಈಗ ಎಂತ ಮಾಡಿದ್ರೂ ಅಪ್ಪ ಆಗುದಿಲ್ಲವಾ? ಹಳೆ ಕಂಪೆನಿಯವರು ಪುನಃ ಕರೀತಾ ಇದ್ದಾರೆ, ಮನೆ ಲೋನ್ ಸ್ವಲ್ಪ ಬಾಕಿ ಉಂಟು. ಹೋಗ್ಲಾ, ಇರ್ಲಾ?

ಅಣ್ಣಾ, ಶೂವಿಂದಲೇ ಶುರು ಮಾಡ್ತೇನೆ, ಯಾಕೆಂದ್ರೆ ನೀವು ಬರೆದದ್ರಲ್ಲಿ ಜಾಸ್ತಿ ನೋವು ಇರುದು ಆ ಸಾಲಲ್ಲೇ. ಹುಡುಗರು ಸಾಮಾನ್ಯವಾಗಿ 12ರಿಂದ 15ರ ಒಳಗೆ ಒಮ್ಮೆಲೇ ಉದ್ದ ಆಗ್ತಾರೆ, ಅದ್ರಲ್ಲೂ ಮೊದಲು ಬೆಳೆಯುದು ಪಾದ, ಆಮೇಲೆ ಕಾಲು, ಕೊನೆಗೆ ಬೆನ್ನು. ಜೂನಲ್ಲಿ ಶಾಲೆಗೆ ಅಂತ ತೆಗೆದ ಶೂ ದಸರಾ ರಜೆ ಮುಗಿಯುವಾಗ ಬೆರಳಿಗೆ ಒತ್ತಿರ್ತದೆ, ಮನೆಯಲ್ಲೇ ಇರುವ ಅಪ್ಪ ಅಮ್ಮನಿಗೂ ಹುಡುಗ ಕುಂಟಿದ ಮೇಲೇ ಗೊತ್ತಾಗುದು. ಹಾಗಾಗಿ ಅದನ್ನು ಮನಸ್ಸಿಗೆ ಹಚ್ಕೊಳ್ಬೇಡಿ, ಅವನನ್ನೇ ಕರ್ಕೊಂಡು ಅಂಗಡಿಗೆ ಹೋಗಿ, ಅವನಿಗೆ ಬೇಕಾದ್ದನ್ನು ಅವನೇ ಹಾಕಿ ನೋಡ್ಲಿ.

ಈಗ ಚಿಕ್ಕಂದಿನ ಮಾತು. ಮಗು ಹಚ್ಕೊಳ್ಳುದು ಅತ್ತಾಗ ಓಡಿ ಬರುವವರನ್ನು, ಯಾರು ಹೆತ್ತದ್ದು ಅಂತ ಅದಕ್ಕೆ ಲೆಕ್ಕ ಇಲ್ಲ. ಆರೇಳು ತಿಂಗಳ ಹೊತ್ತಿಗೆ ಹೊಸ ಮುಖ ಕಂಡ್ರೆ ಹೆದರ್ಲಿಕ್ಕೆ ಶುರು ಆಗ್ತದೆ, ನೀವು ಅದಕ್ಕಿಂತ ಮೊದಲೇ ವಿಮಾನ ಹತ್ತಿದ್ರಿ, ಮೊದಲ ರಜೆಗೆ ಬಂದಾಗ ಅವ ನಿಮ್ಮನ್ನು ನೋಡಿ ಕಿರುಚಿ ಅಮ್ಮನ ಸೀರೆ ಹಿಡಿದಿದ್ರೆ ಅದು ಆರೋಗ್ಯವಾಗಿ ಬೆಳೆಯುವ ಮಗುವಿನ ಲಕ್ಷಣ. 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 60 ಶಿಶುಗಳ ಮೇಲೆ ಮಾಡಿದ ಅಧ್ಯಯನ ಒಂದು ಉಂಟು, ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಒಬ್ಬರನ್ನಲ್ಲ, ಇಬ್ಬರು ಮೂವರನ್ನು ಹಚ್ಕೊಂಡಿದ್ವು. ನಿಮ್ಮ ಮಗನಿಗೂ ಅಮ್ಮ ಇದ್ರು, ನಿಮ್ಮ ಬಾವ, ಅಂದ್ರೆ ಅವನ ಸೋದರಮಾವ ಇದ್ರು, ಅವ ಯಾರೂ ಇಲ್ಲದೆ ಬೆಳೆದ ಹುಡುಗ ಅಲ್ಲ.

ಇದು ಎಷ್ಟು ದೊಡ್ಡ ವಿಷಯ ಅಂತ ಹೇಳ್ತೇನೆ ಕೇಳಿ. ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಅವರ ತಂಡದವರು ಆ ಮಕ್ಕಳಿಗೆ 40 ವರ್ಷ ಆಗುವ ತನಕ ನೋಡ್ತಾ ಬಂದ್ರು. ಬಡತನ, ಅಪ್ಪನ ಕುಡಿತ, ಮನೆಯಲ್ಲಿ ದಿನಾ ಜಗಳ, ಇಂಥ ಕಷ್ಟ ಒಟ್ಟಿಗೇ ಇದ್ದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಬ್ರು ಚಂದ ಬೆಳೆದ್ರು, ಅವರ ಬದುಕಲ್ಲಿ ಪದೇ ಪದೇ ಕಂಡದ್ದು ಎಂತ ಅಂದ್ರೆ ಯಾವಾಗ್ಲೂ ನಂಬ್ಲಿಕ್ಕೆ ಆಗುವ ಕನಿಷ್ಠ ಒಬ್ಬ ದೊಡ್ಡವರು, ಅದು ಅಜ್ಜಿಯೋ ಮಾವನೋ ಚಿಕ್ಕಮ್ಮನೋ ಆದ್ರೂ ಆಯ್ತು. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲೂ ತುಂಬಾ ಜನ 30, 40 ಆಗುವಾಗ ಸರಿಯಾಗಿದ್ರು, ಅಂದ್ರೆ ಮನುಷ್ಯ ತೊಟ್ಟಿಲಲ್ಲೇ ಮುಗಿದು ಹೋಗುದಿಲ್ಲ. ನಿಮ್ಮ ಮಗನಿಗೆ ಆ ಒಬ್ಬ ದೊಡ್ಡವರು ನಿಮ್ಮ ಬಾವ. ತಾಯಿ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆಗಳಲ್ಲಿ ಮಾವನ ಜಾಗ ಎಂಥದ್ದು ಅಂತ ನಮ್ಮ ತುಳುನಾಡಲ್ಲಿ ಯಾರಿಗೂ ಹೇಳಿ ಕೊಡ್ಬೇಕಾಗಿಲ್ಲ. ದಯವಿಟ್ಟು ಅವರೊಟ್ಟಿಗೆ ಪೈಪೋಟಿಗೆ ಹೋಗ್ಬೇಡಿ, ಮಗನ ಎದುರು ಅವರ ಬಗ್ಗೆ ಒಂದು ಕೊಂಕು ಮಾತೂ ಬೇಡ. 15 ವರ್ಷ ಅವರು ನಿಮ್ಮ ಮಗನನ್ನು ನೋಡ್ಕೊಂಡಿದ್ದಾರೆ, ಒಮ್ಮೆ ಹೋಗಿ ಬಾಯಿ ಬಿಟ್ಟು ಥ್ಯಾಂಕ್ಸ್ ಹೇಳಿ.

ಇನ್ನೊಂದು, ನೀವು ಬಂದದ್ದು ಅವನಿಗೆ 15 ಆಗುವಾಗ. ಈ ಪ್ರಾಯದಲ್ಲಿ ಊರಲ್ಲೇ ಇದ್ದು ಎತ್ತಿ ಆಡಿಸಿದ ಅಪ್ಪಂದಿರಿಗೂ ಸಿಗುದು ಹೂಂ, ಉಹೂಂ ಮತ್ತೆ ಮುಚ್ಚಿದ ಬಾಗಿಲೇ. ಹುಟ್ಟಿಂದ ಮುಪ್ಪಿನ ತನಕ ಎಂಟು ಹಂತ ಅಂತ ಹೇಳಿದ ಎರಿಕ್ ಎರಿಕ್ಸನ್ (1902–1994) ಹದಿಹರೆಯದ ಮುಖ್ಯ ಕೆಲಸ ನಾನು ಯಾರು ಅಂತ ಹುಡುಕುದು ಅಂದ್ರು, ಹೆತ್ತ ಅಪ್ಪ ಯಾರಂತ ಅವರಿಗೆ ಸ್ವತಃ ಕೊನೆ ತನಕ ಗೊತ್ತಾಗ್ಲಿಲ್ಲ. ಹುಡುಕ್ಬೇಕಾದ್ರೆ ಮನೆಯವರಿಂದ ಸ್ವಲ್ಪ ದೂರ ನಿಲ್ಲಲೇಬೇಕು, ಹಾಗಾಗಿ ಅವನ ಮೌನದಲ್ಲಿ ಎಷ್ಟು ನಿಮ್ಮ 15 ವರ್ಷದ್ದು, ಎಷ್ಟು ಅವನ ಪ್ರಾಯದ್ದು ಅಂತ ಬೇರೆ ಮಾಡ್ಲಿಕ್ಕೆ ಆಗುದಿಲ್ಲ, ಎಲ್ಲ ನಿಮ್ಮ ತಲೆ ಮೇಲೆ ಹಾಕ್ಕೊಳ್ಬೇಡಿ. ರಾತ್ರಿ ಹನ್ನೆರಡಾದ್ರೂ ಎಚ್ಚರ ಇರುದು, ಬೆಳಗ್ಗೆ ಏಳ್ಲಿಕ್ಕೆ ಕಷ್ಟ, ಇದೂ ಈ ಪ್ರಾಯದ್ದೇ, ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ಹದಿಹರೆಯದವರಲ್ಲಿ ತಡವಾಗಿ ಏರ್ತದೆ (ಮೊಬೈಲು ಅದನ್ನು ಇನ್ನಷ್ಟು ತಡ ಮಾಡ್ತದೆ, ಅದು ಬೇರೆ). ಮುಂದಿನದ್ದು ಯೋಚಿಸಿ ತೀರ್ಮಾನ ಮಾಡುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವಾಗ ಸುಮಾರು 25 ವರ್ಷ ಆಗ್ತದೆ. ಸೋಮಾರಿ, ಜವಾಬ್ದಾರಿ ಇಲ್ಲದವ ಅಂತೆಲ್ಲ ಬೈಯುವ ಮೊದಲು ಇದು ನೆನಪಿರ್ಲಿ.

ಹಾಗಾದ್ರೆ ಎಂತ ಮಾಡುದು ಅಂದ್ರೆ, ಮೊದಲು ಮಾರ್ಕ್ಸ್ ಕೇಳುದು ನಿಲ್ಲಿಸಿ. ಅವನಿಗೆ ನೀವು ಇಷ್ಟು ವರ್ಷ ವಾರಕ್ಕೊಮ್ಮೆ ವಿಡಿಯೋ ಕಾಲಲ್ಲಿ ಊಟ ಆಯ್ತಾ, ಮಾರ್ಕ್ಸ್ ಎಷ್ಟು ಅಂತ ಕೇಳುವ ಮುಖ ಆಗಿದ್ದಿರಬಹುದು, ಆ ಮುಖ ಈಗ ದಿನಾ ಮನೆಯಲ್ಲಿ ಕೂತು ಅದನ್ನೇ ಕೇಳಿದ್ರೆ ಅವ ಎಂತ ಮಾತಾಡ್ಬೇಕು ಹೇಳಿ. ಎದುರಿಗೆ ಕೂರಿಸಿ ಬಾ ಮಾತಾಡುವಾ ಅಂದ್ರೂ ಈ ಪ್ರಾಯದವರು ಬಾಯಿ ಬಿಡುದು ಕಡಿಮೆ, ಪಕ್ಕದಲ್ಲೋ ಹಿಂದೆಯೋ ಕೂತು ಒಂದು ಕೆಲಸ ಮಾಡ್ತಾ ಇದ್ದಾಗ ಮಾತು ತನ್ನಿಂದ ತಾನೇ ಬರ್ತದೆ. ಟ್ಯೂಷನ್ನಿಗೆ ಸ್ಕೂಟರಲ್ಲಿ ಬಿಡಿ, ಮೊದಮೊದಲು ಮಾತಿಲ್ಲದಿದ್ರೂ ಪರವಾಗಿಲ್ಲ. ಆದಿತ್ಯವಾರ ಬೆಳಗ್ಗೆ ಮಲ್ಪೆಗೆ ಮೀನಿಗೆ ಹೋಗುವಾಗ ಬರ್ತೀಯಾ ಅಂತ ಕೇಳಿ, ಇಲ್ಲ ಅಂದ್ರೆ ಮುಖ ಗಂಟು ಹಾಕದೆ ಒಬ್ರೇ ಹೋಗಿ ಬಂಗುಡೆ ತನ್ನಿ, ಮುಂದಿನ ವಾರ ಪುನಃ ಕೇಳಿ, ಅದರ ಮುಂದಿನ ವಾರವೂ. ಅಪ್ಪ ಕರೆಯುದು ನಿಲ್ಲಿಸುದಿಲ್ಲ ಅಂತ ಅವನಿಗೆ ಖಾತ್ರಿ ಆಗ್ಬೇಕು. ಕುವೈತಲ್ಲಿ ಎಲ್ಲಿ ಮಲಗ್ತಿದ್ರಿ, ಏನು ಅಡುಗೆ ಮಾಡ್ಕೊಳ್ತಿದ್ರಿ, ಜ್ವರ ಬಂದಾಗ ಯಾರು ನೋಡ್ಕೊಳ್ತಿದ್ರು, ಇದೆಲ್ಲ ಅವನಿಗೆ ಹೇಳಿದ್ದೀರಾ? ಹೇಳಿ, ಆದ್ರೆ ಎಲ್ಲ ನಿನಗೋಸ್ಕರ ಮಾಡಿದ್ದು ಅಂತ ಮಾತ್ರ ಸೇರಿಸ್ಬೇಡಿ, ಆ ಒಂದು ಮಾತಿಂದ ಅವ ಸಾಲಗಾರ ಆಗ್ತಾನೆ. ನಿನ್ನ ಶಾಲೆಯ ಮೊದಲ ದಿನ ನಾನಿರ್ಲಿಲ್ಲ, ಅದು ನನಗೆ ಈಗಲೂ ಬೇಜಾರುಂಟು ಅಂತ ಒಂದೇ ಸಲ ಹೇಳಿ, ಉತ್ತರಕ್ಕೆ ಕಾಯ್ಬೇಡಿ.

ಮಗಳ ಬಗ್ಗೆ ಚಿಂತೆ ಇಲ್ಲ, ಇದೆಂತ ಅದೆಂತ ಅಂತ ದಿನವಿಡೀ ಕೇಳುವ ಪ್ರಾಯ, ಉತ್ತರ ಕೊಡ್ತಾ ಇರಿ. ಆದ್ರೆ ಮಗನ ಎದುರಿಗೇ ಅವಳನ್ನು ಮುದ್ದು ಮಾಡಿ ಅವನಿಗೆ ಬರೀ ಉಪದೇಶ ಮಾಡಿದ್ರೆ, ತನಗೆ ಸಿಗದ ಅಪ್ಪ ತಂಗಿಗೆ ಸಿಕ್ಕಿದ್ರು ಅಂತ ಅವನಿಗೆ ಅನಿಸ್ದೇ ಇರುದಿಲ್ಲ.

ಮಗ ಎರಡು ವಾರಕ್ಕಿಂತ ಜಾಸ್ತಿ ಸಪ್ಪಗಿದ್ರೆ, ಊಟ ಬಿಟ್ರೆ, ಫ್ರೆಂಡ್ಸನ್ನೂ ದೂರ ಮಾಡಿದ್ರೆ, ಸಾಯುವ ಮಾತಾಡಿದ್ರೆ ಆಗ ಪ್ರಾಯದ್ದು ಅಂತ ಬಿಡ್ಬೇಡಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ ಉಂಟು, ಕನ್ನಡದಲ್ಲೇ ಮಾತಾಡ್ತಾರೆ.

ಇನ್ನು ಹೋಗುದಾ ಇರುದಾ. ಇಲ್ಲಿ ಯಾರಿಗೂ ನಾನು ಬೇಡ ಅನ್ನುವ ಕಾರಣಕ್ಕೆ ಹೋಗುದಾದ್ರೆ ಹೋಗ್ಲೇಬೇಡಿ, 15 ವರ್ಷದ್ದನ್ನು ನಾಲ್ಕು ತಿಂಗಳಲ್ಲಿ ಅಳೀಲಿಕ್ಕೆ ಆಗುದಿಲ್ಲ ಅಣ್ಣಾ. ಎಸ್ಸೆಸ್ಸೆಲ್ಸಿ ಮುಗಿದು ಪಿಯುಸಿಗೆ ಸೈನ್ಸಾ ಕಾಮರ್ಸಾ ಅಂತ ಆಗುವ ತನಕವಾದ್ರೂ ಇರಿ ಅಂತ ನನ್ನ ಸಲಹೆ. ಲೋನಿಂದಾಗಿ ಹೋಗ್ಲೇಬೇಕಾ ಅನ್ನುದು ಬೇರೆ ಲೆಕ್ಕ, ಅದನ್ನು ಹೆಂಡತಿಯೊಟ್ಟಿಗೆ ಕೂತು ಪುಸ್ತಕದಲ್ಲಿ ಬರೆಯಿರಿ, ಎಷ್ಟು ಬಾಕಿ, ತಿಂಗಳಿಗೆ ಎಷ್ಟು, ಇಲ್ಲಿ ಯಾವ ಕೆಲಸ ಸಿಗಬಹುದು ಅಂತ. ಆಗ ಮಗನನ್ನೂ ಕರೆದು ಕೂರಿಸಿ, ಆ ಪುಸ್ತಕ ಅವನ ಕೈಗೂ ಕೊಡಿ, ನಿನಗೆ ಎಂತ ಅನಿಸ್ತದೆ ಅಂತ ಕೇಳಿ. ಅದು ಆಗುವ ತನಕ ಕಂಪೆನಿಯವರಿಗೆ ಹೂಂ ಅನ್ನಬೇಡಿ.