ಎರಡು ಮಾರ್ಕಿನ ಮೆಸೇಜು

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 20 ವರ್ಷ. ಒಂದು ಪೇಪರಿನಲ್ಲಿ 58 ಬಂದಿದೆ, 60 ಆದರೆ ಮೇಲಿನ ಗ್ರೇಡ್. ಎರಡು ಮಾರ್ಕು ಕೊಡಿ ಅಂತ ಮೇಷ್ಟ್ರಿಗೆ ಬರೆದ ಮೆಸೇಜು ಮೂರು ದಿನದಿಂದ ಫೋನಿನಲ್ಲೇ ಕೂತಿತ್ತು. ಕಳಿಸಲು ಧೈರ್ಯವಿಲ್ಲ, ಅಳಿಸಲು ಮನಸ್ಸಿಲ್ಲ. ರಾತ್ರಿ ಎದ್ದೆದ್ದು ತಿದ್ದುತ್ತಿದ್ದನಂತೆ.

ಏನು ಮಾಡಲಿ ಅಂತ ನನ್ನ ಹತ್ತಿರ ಬಂದ. ಜೋರಾಗಿ ಓದು ಅಂದೆ. ನಾಲ್ಕು ಸಲ 'ಪ್ಲೀಸ್ ಸರ್', ಎರಡು ಸಲ 'ಕ್ಷಮಿಸಿ'. ನಡುವೆ ಅಮ್ಮನಿಗೆ ಹುಷಾರಿಲ್ಲ ಅನ್ನೋ ಸಾಲು. ಅಲ್ಲಿಗೆ ಬಂದಾಗ ದನಿ ಸಣ್ಣದಾಯಿತು.

"ಅಮ್ಮ ಈಗ ಹೇಗಿದ್ದಾರೆ?"

"ಚೆನ್ನಾಗೇ ಇದ್ದಾರೆ ಮೇಡಂ. ಅದು ಹೋದ ವರ್ಷದ ಮಾತು."

ಆ ಸಾಲನ್ನು ಅವನೇ ಅಳಿಸಿದ.

"ಉತ್ತರಪತ್ರಿಕೆ ನೋಡಿದ್ದೀಯಾ?"

"ಇಲ್ಲ."

ಗಂಟು ಇದ್ದದ್ದು ಇಲ್ಲೇ. ಸುಮ್ನೆ ಮಾರ್ಕು ಕೊಡಿ ಅಂದರೆ ಮೇಷ್ಟ್ರು ಒಂದೋ ಕನಿಕರಪಡಬೇಕು, ಇಲ್ಲಾ ಆಗಲ್ಲ ಅನ್ನಬೇಕು. ಕನಿಕರಪಟ್ಟರೆ 58 ಬಂದ ಇನ್ನೊಬ್ಬನಿಗೆ ಏನು ಹೇಳೋದು? ಪೇಪರ್ ನೋಡಬಹುದಾ ಅಂತ ಕೇಳಿದರೆ ಮಾತು ಪೇಪರಿನ ಬಗ್ಗೆ ನಡೆಯುತ್ತದೆ. ಕೂಡಿಸುವಾಗ ತಪ್ಪಿರಬಹುದು, ಒಂದು ಪುಟ ಕಣ್ತಪ್ಪಿರಬಹುದು. ಹಾಗೆ ಸಿಕ್ಕ ಮಾರ್ಕು ಬೇಡಿ ಪಡೆದದ್ದಲ್ಲ. (ನಾನೂ ಕೆಲವು ವರ್ಷ ಪಾಠ ಮಾಡಿದವಳು. ಎಂಬತ್ತನೇ ಪೇಪರಿಗೆ ಬರುವಷ್ಟರಲ್ಲಿ ಕಣ್ಣು ಮಂಜಾಗಿರುತ್ತದೆ.)

ಇಬ್ಬರೂ ಕೂತು ಹೀಗೆ ಬರೆದೆವು: "ನಮಸ್ಕಾರ ಸರ್. ನನಗೆ 58 ಬಂದಿದೆ. ಎಲ್ಲಿ ಮಾರ್ಕು ಹೋಗಿದೆ ಅಂತ ತಿಳಿಯಲು ಉತ್ತರಪತ್ರಿಕೆ ಒಮ್ಮೆ ನೋಡಬಹುದೇ? ನಿಮಗೆ ಬಿಡುವಾದಾಗ ಬರುತ್ತೇನೆ."

60ರ ವಿಷಯ ಬೇಡವಾ ಅಂದ. ಬೇಡ, ಅವರಿಗೂ ಲೆಕ್ಕ ಬರುತ್ತೆ ಅಂದೆ. ಮಾರ್ಕ್ಸ್ ಪಟ್ಟಿ ಮೇಲೆ ಹೋಗುವ ಮೊದಲೇ ಕೇಳು, ಆಮೇಲೆ ಅವರ ಕೈಯಲ್ಲೂ ಏನೂ ಇರೋದಿಲ್ಲ. ಮತ್ತೆ ನೋಡಿದಾಗ ಒಂದೆರಡು ಇಳಿಯಲೂಬಹುದು, ಅದಕ್ಕೆ ತಯಾರಿರು. ಪಕ್ಕದವನಿಗೆ ಜಾಸ್ತಿ ಕೊಟ್ಟಿದ್ದೀರಿ ಅನ್ನೋ ಮಾತು ಮಾತ್ರ ಎತ್ತಬೇಡ.

ಮುಂದಿನ ವಾರ ಬಂದ. ಒಂದು ಉತ್ತರದ ಕೊನೆಯ ಮೂರು ಸಾಲು ಹಾಳೆಯ ಹಿಂಬದಿಯಲ್ಲಿತ್ತು, ಮೇಷ್ಟ್ರು ನೋಡಿರಲಿಲ್ಲ. ಒಂದು ಮಾರ್ಕು ಸೇರಿತು. ಇನ್ನೊಂದು ಲೆಕ್ಕದಲ್ಲಿ ಇವನೇ ಹಂತಗಳನ್ನು ಹಾರಿಸಿದ್ದ. ಅವರು ಪೆನ್ಸಿಲಿನಲ್ಲಿ ಗುರುತು ಹಾಕಿ ತೋರಿಸಿದರಂತೆ.

"59 ಮೇಡಂ" ಅಂದ. ನಗುತ್ತಿದ್ದ, ಸ್ವಲ್ಪ ಬೇಜಾರೂ ಇತ್ತು.

"ಇನ್ನೊಂದು ಕೇಳೋಣ ಅನ್ನಿಸಲಿಲ್ವಾ?"

"ಬಾಯಿವರೆಗೂ ಬಂದಿತ್ತು. ಅಷ್ಟರಲ್ಲಿ ಬೆಲ್ ಹೊಡೀತು."