ಸ್ಪ್ರಿಂಕ್ಲರ್ ತೆಗೆದು ಡ್ರಿಪ್ ಹಾಕಿದರೆ ಬೋರಿನಲ್ಲಿ ನೀರು ಉಳಿದೀತೇ?

ನೀವು ಕೇಳಿದ್ದು ಇಷ್ಟು: ಕಾಸರಗೋಡಿನ ಪೆರ್ಲದ ಬದಿಯಲ್ಲಿ ಎರಡು ಎಕರೆ ಅಡಿಕೆ, ಒಂದೇ ಬೋರ್, ಮಾರ್ಚ್ ನಡುವಿಗೆ ಅದು ನೀರಿನ ಜತೆ ಗಾಳಿ ಬಿಡಲು ಶುರು ಮಾಡುತ್ತದೆ. ಸ್ಪ್ರಿಂಕ್ಲರ್ ತೆಗೆದು ಡ್ರಿಪ್ ಹಾಕಿದರೆ ನೀರು ಉಳಿಯುತ್ತದಾ, ಇಲ್ಲ ಮನೆಯ ಹಿರಿಯರು ಹೆದರಿಸುವ ಹಾಗೆ ಮರ ಸೊರಗುತ್ತದಾ?

ಮರ ಸೊರಗುವುದಿಲ್ಲ, ಧೈರ್ಯವಾಗಿ ಹಾಕಿ. ನೀರು ಉಳಿಯುವ ವಿಷಯಕ್ಕೆ ಮಾತ್ರ ಉತ್ತರ ಸ್ವಲ್ಪ ಉದ್ದ ಉಂಟು. ನಾನು ಡ್ರಿಪ್ ಹಾಕಿ ಏಳು ವರ್ಷ ಆಯಿತು. ಮೊದಲ ವರ್ಷ ನೀರು ಉಳಿಯಿತು, ಮತ್ತಿನ ಕೆಲವು ವರ್ಷದಲ್ಲಿ ಆ ಉಳಿತಾಯವೆಲ್ಲ ಹೋಯಿತು.

ಮೊದಲು ಲೆಕ್ಕ ಮಾಡುವ. ಒಂಬತ್ತು ಅಡಿಗೊಂದರಂತೆ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಮರ, ನಿಮ್ಮ ಎರಡು ಎಕರೆಗೆ 1,100. ಕಾಸರಗೋಡಿನ ಸಿಪಿಸಿಆರ್‌ಐಯವರು (ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವ ಪ್ರಮಾಣ, ಬುಡಕ್ಕೆ ನೀರು ಹಾಯಿಸುವುದಾದರೆ ಒಂದು ಸಲಕ್ಕೆ ಮರವೊಂದಕ್ಕೆ 175 ಲೀಟರ್. ನವೆಂಬರ್–ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ಸಾಕು, ಮಾರ್ಚ್‌ನಿಂದ ಮೂರರಿಂದ ಐದು ದಿನಕ್ಕೊಮ್ಮೆ ಬೇಕು. ನಾಲ್ಕು ದಿನಕ್ಕೊಮ್ಮೆ ಎಂದು ಹಿಡಿದರೆ ನಿಮ್ಮ ತೋಟಕ್ಕೆ ಬೇಸಗೆಯಲ್ಲಿ ದಿನಕ್ಕೆ 48,000 ಲೀಟರ್ ಆಯಿತು. ಡ್ರಿಪ್ಪಿನಲ್ಲಾದರೆ ಅವರೇ ಹೇಳುವುದು ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್. ಅಂದರೆ 17,600ರಿಂದ 22,000. ಅರ್ಧಕ್ಕಿಂತಲೂ ಕಡಿಮೆ.

ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಅಡಿಕೆ ಮರದ ಬೇರು ಹೆಚ್ಚಾಗಿ ಇರುವುದು ಬುಡದ ಸುತ್ತ ಎರಡು–ಮೂರು ಅಡಿಯ ಒಳಗೆ, ಮೇಲಿನ ಎರಡಡಿ ಮಣ್ಣಿನಲ್ಲಿ. ಸ್ಪ್ರಿಂಕ್ಲರ್ ಕಣಿಗೂ ಕೊಡುತ್ತದೆ, ದಾರಿಗೂ ಕೊಡುತ್ತದೆ, ಗಾಳಿ ಬೀಸಿದರೆ ಆಚೆ ಬೇಲಿಗೂ ಕೊಡುತ್ತದೆ.

ಈಗ ಒಂದು ಸಣ್ಣ ಪರೀಕ್ಷೆ ಮಾಡಿ. ಬೋರಿನ ಪೈಪನ್ನು 200 ಲೀಟರಿನ ಡ್ರಮ್ಮಿಗೆ ಬಿಟ್ಟು ತುಂಬಲು ಎಷ್ಟು ನಿಮಿಷ ಬೇಕು ನೋಡಿ. ಜನವರಿಯಲ್ಲಿ ನಾಲ್ಕು ನಿಮಿಷ ಆದರೆ ಗಂಟೆಗೆ 3,000 ಲೀಟರ್. ಮಾರ್ಚಿನಲ್ಲಿ ಎಂಟು ನಿಮಿಷವಾದರೆ ಗಂಟೆಗೆ 1,500. ಆ ಲೆಕ್ಕದಲ್ಲಿ 48,000 ಲೀಟರ್ ಎತ್ತಲು 32 ಗಂಟೆ ಬೇಕು, ದಿನಕ್ಕಿರುವುದು 24! ಹಾಗಾಗಿ ನಾವೆಲ್ಲ ನಿಜವಾಗಿ ಮಾಡುತ್ತಿದ್ದದ್ದು ಏನೆಂದರೆ ನಾಲ್ಕು ದಿನಕ್ಕೊಮ್ಮೆ ಕೊಡಬೇಕಾದ ನೀರನ್ನು ವಾರಕ್ಕೊಮ್ಮೆ ಕೊಟ್ಟು, ನಳ್ಳಿ (ಎಳೆ ಅಡಿಕೆ) ಉದುರುವುದನ್ನು ನೋಡುತ್ತಾ ಕೂರುವುದು. ಸಂಜೆ ವೋಲ್ಟೇಜ್ ಸಾಲದೆ ಮೋಟರ್ ಎತ್ತುವುದಿಲ್ಲ, ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ವಾಲ್ವ್ ತಿರುಗಿಸಲು ಹೋಗಬೇಕು. ಅರ್ಧ ನಿದ್ದೆಯಲ್ಲಿ ಹೋದವನ ಬೆನ್ನಿಗೆ ಪಕ್ಕದ ಸ್ಪ್ರಿಂಕ್ಲರಿನ ತಣ್ಣೀರು ಛಟ್ಟೆಂದು ಬಡಿಯುವುದು ನಿಮಗೂ ಗೊತ್ತಿರಬಹುದು. ಡ್ರಿಪ್ ಹಾಕಿದ ಮೇಲೆ ಮೊದಲು ಉಳಿದದ್ದು ನನ್ನ ನಿದ್ದೆ.

ಇನ್ನು ನಾನು ಮಾಡಿದ ಕೆಲಸ. ಡ್ರಿಪ್ ಹಾಕಿದ ವರ್ಷ ಬೋರ್ ಏಪ್ರಿಲ್ ಕೊನೆಯವರೆಗೂ ಗಾಳಿ ಬಿಡಲಿಲ್ಲ. ನೀರು ಇಷ್ಟು ಉಳಿಯುತ್ತದಲ್ಲ ಎಂದು ಮರುವರ್ಷವೇ ಮೇಲಿನ ಗೇರುಗುಡ್ಡೆಯ ಒಂದು ಬದಿ ಜೆಸಿಬಿಯಲ್ಲಿ ತಟ್ಟು ಮಾಡಿಸಿ 400 ಅಡಿಕೆ ಸಸಿ ನೆಟ್ಟೆ. ಹಳೆ ಮರ 1,100, ಹೊಸತು 400. ಸಸಿಗಳು ಬೆಳೆದು ಪೂರ್ತಿ ನೀರು ಕೇಳುವ ಹೊತ್ತಿಗೆ ಒಂದು ದಿನ ಕೂತು ಲೆಕ್ಕ ಹಾಕಿದೆ. ಮೊದಲು ವಾರಕ್ಕೊಮ್ಮೆ ಸ್ಪ್ರಿಂಕ್ಲರಿನಲ್ಲಿ 1,100 ಮರಕ್ಕೆ 175 ಲೀಟರಿನಂತೆ, ದಿನಕ್ಕೆ ಬಿದ್ದದ್ದು 27,500 ಲೀಟರ್. ಈಗ ಡ್ರಿಪ್ಪಿನಲ್ಲಿ 1,500 ಮರಕ್ಕೆ 18 ಲೀಟರಿನಂತೆ ದಿನಕ್ಕೆ 27,000. ಐನೂರು ಲೀಟರ್ ವ್ಯತ್ಯಾಸ. ಅದು ನಮ್ಮ ದನಗಳಿಗೂ ಬಚ್ಚಲಿಗೂ ಆಗುವಷ್ಟು ಮಾತ್ರ. ಬೋರ್ ಪುನಃ ಮಾರ್ಚಿನಲ್ಲೇ ಗಾಳಿ ಕಕ್ಕಿತು.

ಅಡಿಕೆಗೆ ರೇಟು ಇರುವಾಗ ಖಾಲಿ ಗುಡ್ಡೆ ನೋಡಿ ಸುಮ್ಮನಿರುವುದು ಕಷ್ಟ, ನಿಮಗೂ ಆ ಆಸೆ ಬರುತ್ತದೆ. ನನ್ನ ಆದಾಯ ಹೆಚ್ಚಾಗಿದೆ, ಅದನ್ನು ಸುಳ್ಳು ಹೇಳುವುದಿಲ್ಲ. ಆದರೆ ನೀರು ಉಳಿಯುತ್ತದಾ ಎಂಬ ನಿಮ್ಮ ಪ್ರಶ್ನೆಗೆ ಡ್ರಿಪ್ ಕಂಪೆನಿಯವ ಉತ್ತರ ಹೇಳಲಾರ. ಅದು ನಿಮ್ಮ ಗುಡ್ಡೆಯನ್ನು ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಹೋಗುತ್ತದೆ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆದದ್ದು. ನಮ್ಮ ತೋಟದ ಕೆಳಗೆ, ತೋಡಿನ ಕರೆಯಲ್ಲಿ (ಹಳ್ಳದ ದಡದಲ್ಲಿ), ಒಬ್ಬರು ಮಾವನ ತೋಟ ಉಂಟು. ಸಂಬಂಧದಲ್ಲಿ ಮಾವ ಅಲ್ಲ, ಕರೆಯುವುದು ಹಾಗೆ. ಅವರಿಗೆ ಬೋರ್ ಇರಲಿಲ್ಲ, ಹಳೆ ಕೆರೆಯಲ್ಲೇ ಮೇ ತಿಂಗಳವರೆಗೆ ದೂಡುತ್ತಿದ್ದರು. ನಾನು ಡ್ರಿಪ್ ಹಾಕಿದ ಎರಡನೇ ಬೇಸಗೆ ಅವರು ಗೇಟಿನ ಹತ್ತಿರ ನಿಂತು, "ಎಂತ ಮಾರಾಯ, ನಿನ್ನದು ಹನಿ ಆದ ಮೇಲೆ ನನ್ನ ಕೆರೆಯೂ ಹನಿ ಆಯಿತಲ್ಲ" ಎಂದರು. ತಮಾಷೆ ಅಂತ ನಕ್ಕೆ. ಮತ್ತೆ ಕೆರೆಗೆ ಇಳಿದು ನೋಡಿದೆ. ಕಲ್ಲಿನ ಮೆಟ್ಟಿಲಲ್ಲಿ ಪ್ರತಿ ಏಪ್ರಿಲಿನಲ್ಲೂ ಮುಳುಗಿರುತ್ತಿದ್ದ ಆರನೆಯದು ಒಣಗಿ ಬೆಳ್ಳಗಾಗಿತ್ತು. ನೀರಿನ ಪಟ್ಟೆ ಎರಡು ಮೆಟ್ಟಿಲು ಕೆಳಗೆ.

ನಮ್ಮದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ನೆಲ. ಮೇಲೆ ಸುರಿದ ನೀರು ಬೇರು ದಾಟಿ ಕೆಳಗಿಳಿದರೆ ಅಲ್ಲೇ ನಿಲ್ಲುವುದಿಲ್ಲ, ಇಳಿಜಾರು ಹಿಡಿದು ತಗ್ಗಿಗೆ ಸೋರುತ್ತದೆ. ನಾನು ಇಷ್ಟು ವರ್ಷ ಐನೂರು ಅಡಿ ಕೆಳಗಿನ ಕಪ್ಪು ಕಲ್ಲಿನ ಬಿರುಕಿನಿಂದ ನೀರೆತ್ತಿ, ಹೆಚ್ಚಾದದ್ದನ್ನು ಗೊತ್ತಿಲ್ಲದೆಯೇ ಮಾವನ ಕೆರೆಗೆ ಹಾಯಿಸುತ್ತಿದ್ದೆ. ನನ್ನ ಲೆಕ್ಕದಲ್ಲಿ ಪೋಲಾದದ್ದು ಅವರ ಲೆಕ್ಕದಲ್ಲಿ ಒರತೆ. ಡ್ರಿಪ್ ಆ ಸೋರಿಕೆಯನ್ನು ನಿಲ್ಲಿಸಿತು. ಮರುವರ್ಷ ಮಾವನೂ ಒಂದು ಬೋರ್ ಹೊಡೆಸಿದರು. ಅಲ್ಲಿಗೆ ನಮ್ಮ ಇಡೀ ತಗ್ಗಿನ ಲೆಕ್ಕ ಮೊದಲಿಗಿಂತ ಕೆಟ್ಟಿತು. ಕೇಂದ್ರ ಅಂತರ್ಜಲ ಮಂಡಳಿಯವರು ಕಾಸರಗೋಡು ಬ್ಲಾಕನ್ನು 'ಕ್ರಿಟಿಕಲ್' ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಒಂದೊಂದು ತಗ್ಗಿನಲ್ಲೂ ಇಂಥದ್ದೇ ಕತೆ.

ನನ್ನ ಅಜ್ಜನಿಗೆ ಈ ತೊಂದರೆ ಇರಲಿಲ್ಲ. ನಮ್ಮ ಹಳೆ ತೋಟಕ್ಕೆ ಸುರಂಗದ ನೀರು. ಬಾಯಾರು, ಪಡ್ರೆಯ ಗುಡ್ಡೆಗಳಲ್ಲಿ ಈಗಲೂ ಕಾಣಬಹುದು, ಮುರಕಲ್ಲಿಗೆ ಅಡ್ಡಕ್ಕೆ ಕೊರೆದ, ಒಬ್ಬ ಆಳು ಹೋಗುವಷ್ಟೇ ಅಗಲದ್ದು. ಒಳಗಿನಿಂದ ಬೆರಳು ಗಾತ್ರದ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬಂದು ಮಣ್ಣಿನ ಟಾಂಕಿಗೆ ಬೀಳುತ್ತಿತ್ತು. ರಾತ್ರಿ ತುಂಬಿದ್ದನ್ನು ಬೆಳಗ್ಗೆ ಬಿಡುವುದು, ಮುಗಿದರೆ ಮುಗಿಯಿತು. ಟಾಂಕಿ ಎಷ್ಟೋ ಅಷ್ಟೇ ತೋಟ. ಹೆಚ್ಚು ಎಳೆಯೋಣ ಎಂದರೆ ಅಲ್ಲಿ ಸ್ವಿಚ್ಚೇ ಇರಲಿಲ್ಲವಲ್ಲ.

ಸರಿ, ನಾವು ಮತ್ತೆ ಮಾಡಿದ್ದೇನು? ಗುಡ್ಡೆಯ ಸಸಿ ಕಡಿಯಲು ಮನಸ್ಸು ಬರಲಿಲ್ಲ, ಆದರೆ ಉಳಿದ ಗೇರುಗುಡ್ಡೆಗೆ ಕೈ ಹಾಕಲಿಲ್ಲ. ಮಾವನ ಮನೆ, ನಮ್ಮ ಮನೆ, ತೋಡಿನ ಆಚೆಯ ಮೂರು ಮನೆಯವರು ಸೇರಿ ತೋಡಿಗೆ ಅಡ್ಡಲಾಗಿ ಕಟ್ಟ (ತಾತ್ಕಾಲಿಕ ಒಡ್ಡು) ಹಾಕಲು ಶುರು ಮಾಡಿದೆವು. ಏತಡ್ಕದಲ್ಲಿ ಸಾಲಾಗಿ ಕಟ್ಟ ಹಾಕುವುದನ್ನು ನೋಡಿಕೊಂಡು ಬಂದಿದ್ದೆವು. ಡಿಸೆಂಬರಿನಲ್ಲಿ ತೋಡಿನ ಹರಿವು ಇಳಿದ ಮೇಲೆ ಕಲ್ಲು, ಮಣ್ಣು, ಮರಳು ಚೀಲ, ಒಳಗೊಂದು ಪ್ಲಾಸ್ಟಿಕ್ ಶೀಟ್. ನಾಲ್ಕಡಿ ನೀರು ನಿಲ್ಲುತ್ತದೆ, ಹತ್ತು ದಿನದಲ್ಲಿ ಕರೆಯ ಬಾವಿಗಳು ಮೇಲೆ ಬರುತ್ತವೆ. ಮಾವ ಹಾಕಿದ ಷರತ್ತು ಒಂದೇ, ಕಟ್ಟದ ನೀರಿಗೆ ಯಾರೂ ಮೋಟರ್ ಇಡಬಾರದು. ಆ ಷರತ್ತಿಲ್ಲದಿದ್ದರೆ ಎರಡೇ ವಾರಕ್ಕೆ ಕಟ್ಟ ಖಾಲಿ. ಒಂದು ವರ್ಷ ಡಿಸೆಂಬರಿನಲ್ಲಿ ಹೊತ್ತಲ್ಲದ ಮಳೆ ಬಂದು ಶೀಟು ಸಮೇತ ಕೊಚ್ಚಿಕೊಂಡು ಹೋಯಿತು, ಪುನಃ ಹಾಕಿದೆವು. ಈ ಮೂರು ವರ್ಷದಿಂದ ಆರನೇ ಮೆಟ್ಟಿಲು ಏಪ್ರಿಲ್ ನಡುವಿನವರೆಗೆ ನೀರಿನಲ್ಲಿದೆ. ಮಾವ ಬೋರನ್ನು ಏಪ್ರಿಲ್ ಕೊನೆಗೆ ಮಾತ್ರ ಚಾಲು ಮಾಡುತ್ತಾರೆ.

ಮಳೆಯನ್ನೇ ನೋಡಿ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ನಿಮ್ಮ ಎರಡು ಎಕರೆಯ ಮೇಲೆ ಬಿದ್ದದ್ದೇ 2.8 ಕೋಟಿ ಲೀಟರ್. ಡ್ರಿಪ್ಪಿನಲ್ಲಿ ಐದು ತಿಂಗಳಿಗೆ ಬೇಕಾದ್ದು ಸುಮಾರು 30 ಲಕ್ಷ. ನೀರಿಲ್ಲ ಎಂದು ನಾವು ಅಳುವುದು, ಅದು ಅರಬ್ಬೀ ಸಮುದ್ರಕ್ಕೆ ಓಡುವುದು.

ಹಾಕಿಸುವುದಾದರೆ ಕೆಲವು ಮಾತು, ಅಡ್ಡಾದಿಡ್ಡಿಯಾಗಿ ಬರೆಯುತ್ತೇನೆ. ಮಾರ್ಚಿನಲ್ಲಿ ಹಠಾತ್ತಾಗಿ ಬದಲಾಯಿಸಬೇಡಿ. ಅಗಲಕ್ಕೆ ಒದ್ದೆ ಆಗಿ ಅಭ್ಯಾಸವಾದ ಮರಕ್ಕೆ ಸೆಖೆಯ ನಡುವೆ ಹನಿ ಕೊಟ್ಟರೆ ಒಂದು ವರ್ಷ ನಳ್ಳಿ ಬೀಳುತ್ತದೆ, ಹಿರಿಯರು ಕಂಡು ಹೆದರಿದ್ದು ಅದನ್ನೇ ಇರಬೇಕು. ಮಳೆ ನಿಂತ ಕೂಡಲೇ, ನೆಲ ಹಸಿ ಇರುವಾಗಲೇ ಶುರು ಮಾಡಿ. ಮರಕ್ಕೆ ಗಂಟೆಗೆ ನಾಲ್ಕು ಲೀಟರಿನ ಡ್ರಿಪ್ಪರ್ ಎರಡು, ಬುಡದ ಎರಡು ಬದಿಗೆ. ಎರಡು ಗಂಟೆಗೆ 16 ಲೀಟರ್ ಆಯಿತು. ನಮ್ಮ ಮಣ್ಣಿನಲ್ಲಿ ಆ ಎರಡು ಗಂಟೆಯನ್ನು ಬೆಳಗ್ಗೆ ಒಂದು, ಸಂಜೆ ಒಂದು ಎಂದು ಒಡೆದರೆ ಒಳ್ಳೆಯದು, ಒಂದೇ ಸಲ ಬಿಟ್ಟರೆ ಬೇರು ದಾಟಿ ಇಳಿಯುತ್ತದೆ. ಕೊಕ್ಕೊ, ಬಾಳೆ ಇದ್ದರೆ ಅದಕ್ಕೆ ಬೇರೆಯೇ ಡ್ರಿಪ್ಪರ್ ಬೇಕು, ಅಡಿಕೆಯದ್ದರಲ್ಲಿ ಪಾಲು ಕೇಳಲು ಬಿಡಬೇಡಿ. ಬುಡಕ್ಕೆ ಸೋಗೆ, ಸೊಪ್ಪು, ಸಿಪ್ಪೆ ಏನು ಸಿಕ್ಕಿದರೂ ದಪ್ಪಕ್ಕೆ ಮುಚ್ಚಿ. ಡ್ರಿಪ್ಪಿನಷ್ಟೇ ಕೆಲಸ ಮಾಡುವುದು ಅದು, ಯಾರೂ ಫೋಟೋ ತೆಗೆದು ಹಾಕುವುದಿಲ್ಲ ಅಷ್ಟೆ.

ದೊಡ್ಡ ಉಪದ್ರ ಕಬ್ಬಿಣದ್ದು. ನಮ್ಮ ಬೋರಿನ ನೀರು ಲೋಟದಲ್ಲಿ ತಿಳಿ, ಅರ್ಧ ಗಂಟೆ ಇಟ್ಟರೆ ಅಡಿಯಲ್ಲಿ ಕೆಂಪು. ಆ ಕೆಂಪು ಲೋಳೆ ಡ್ರಿಪ್ಪರಿನ ಕಣ್ಣು ಮುಚ್ಚುತ್ತದೆ. ಮೊದಲ ವರ್ಷ ನಾನು ಒಂದೊಂದೇ ಮೈಕ್ರೋಟ್ಯೂಬ್ ಕಿತ್ತು ಬಾಯಲ್ಲಿ ಊದುತ್ತಾ ಹೋದವ. ನೂರು ಮರ ದಾಟುವಾಗ ತುಟಿಯೆಲ್ಲ ತುಕ್ಕಿನ ರುಚಿ, ಮನೆಗೆ ಬಂದರೆ ಎಲೆಯಡಿಕೆ ಶುರು ಮಾಡಿದ್ದೀರಾ ಎಂದು ಹೆಂಡತಿ ಕೇಳಿದಳು. ಬೋರಿನಿಂದ ನೇರ ಲೈನಿಗೆ ಕೊಡಬೇಡಿ. ಟಾಂಕಿಗೆ ಎತ್ತರದಿಂದ ಬೀಳಲಿ, ಒಂದು ರಾತ್ರಿ ತಂಗಲಿ, ಮತ್ತೆ ಫಿಲ್ಟರ್ ದಾಟಿ ಹೋಗಲಿ. ಹದಿನೈದು ದಿನಕ್ಕೊಮ್ಮೆ ಎಲ್ಲ ಲೈನಿನ ಎಂಡ್ ಕ್ಯಾಪ್ ತೆಗೆದು ತೊಳೆಯಿರಿ. ಇಲಿ, ಅಳಿಲು, ಹುಲ್ಲು ಕೆರೆಸುವವರ ಕತ್ತಿ, ಇದಕ್ಕೆಲ್ಲ ನನ್ನಲ್ಲಿ ಮದ್ದಿಲ್ಲ. ತೂತಾದಲ್ಲಿ ಜಾಯಿಂಟ್ ಹಾಕುತ್ತಾ ಇರುವುದೇ.

ಸಬ್ಸಿಡಿ ಉಂಟು. ಕೇಂದ್ರದ 'ಪರ್ ಡ್ರಾಪ್ ಮೋರ್ ಕ್ರಾಪ್' ಯೋಜನೆಯಲ್ಲಿ ಸಣ್ಣ ಹಿಡುವಳಿಯವರಿಗೆ ನಿಗದಿತ ಖರ್ಚಿನ 55 ಶೇಕಡಾ, ಉಳಿದವರಿಗೆ 45. ಕೃಷಿಭವನದಲ್ಲಿ ವಿಚಾರಿಸಿ. ಫಾರ್ಮಿನಲ್ಲಿ ಮಲಯಾಳ ಬಂದರೆ ಓದಲು ಬರುವವರೊಬ್ಬರನ್ನು ಕರಕೊಂಡು ಹೋಗಿ, ಸುಮ್ಮನೆ ಸಹಿ ಹಾಕಬೇಡಿ.

ಅಂಗಡಿಗೆ ಹೋಗುವ ಮೊದಲು ಎರಡು ವಿಷಯ ಇಲ್ಲಿ ಬರೆಯಿರಿ: ನಿಮ್ಮ ಡ್ರಮ್ ಎಷ್ಟು ನಿಮಿಷಕ್ಕೆ ತುಂಬಿತು, ಮತ್ತು ನಿಮ್ಮ ತೋಟದ ಕೆಳಗೆ ಕೆರೆ ಇರುವವರು ಯಾರಾದರೂ ಇದ್ದಾರಾ. ಇದ್ದರೆ ಅವರ ಮೆಟ್ಟಿಲುಗಳನ್ನು ಒಮ್ಮೆ ಎಣಿಸಿ ಬನ್ನಿ. ಉಳಿದದ್ದು ಮತ್ತೆ ಮಾತಾಡುವ.